ಟ್ರಕ್ಕು ನೆಟ್ಟಗಾದ ಮೇಲೆ

ಬ್ಯಾಡಗಿ,
ಭಾನುವಾರ

ಹನುಮೇಶ ಅವರಿಗೆ ನಮಸ್ಕಾರ.

ರಾಣೆಬೆನ್ನೂರಿನಿಂದ ನೀವು ರಿಪೇರಿ ಮಾಡಿ ಕಳಿಸಿದ ದೊಡ್ಡ ರಿಮೋಟ್ ಆಟಿಕೆ ಟ್ರಕ್ಕು ತಲುಪಿದೆ. ಸೋರುತ್ತಿದ್ದ ಶಾಕ್‌ಅಬ್ಸಾರ್ಬರುಗಳಿಗೆ ಹೊಸ ಎಣ್ಣೆ ಹಾಕಿದ್ದೀರಿ. ನಾವು ಹೇಳದಿದ್ದರೂ ಸ್ಟೀರಿಂಗ್ ನೇರ ಮಾಡಿ, ನಾಲ್ಕೂ ಸ್ಪ್ರಿಂಗ್ ಸಮ ಮಾಡಿದ್ದೀರಿ. ಕೆಲಸ ಚೆನ್ನಾಗಿದೆ.

ನಮ್ಮ ಯಜಮಾನರು ಅದನ್ನು ಮೆಣಸಿನಕಾಯಿ ಒಣಹಾಕುವ ಕಣದಲ್ಲಿ ಓಡಿಸಿದರು. ಗಾಡಿ ಎಡಕ್ಕೆ ಎಳೆಯುತ್ತ ಹೋಗಿ ಗೋಡೆಗೆ ಬಡಿಯಿತು. ಮತ್ತೆ ಓಡಿಸಿದರು, ಮತ್ತೆ ಬಡಿಯಿತು. "ಗಾಡೀದೇನೂ ತಪ್ಪಿಲ್ಲ ಬಿಡು. ನನ್ನ ಕೈನ ಕೆಟ್ಟೈತಿ," ಎಂದರು. ಅಂದಿನಿಂದ ರಿಮೋಟ್ ಮುಟ್ಟಿಲ್ಲ. ಕೈಯ ವ್ಯಾಯಾಮವನ್ನೂ ಬಿಟ್ಟಿದ್ದಾರೆ. ನಾನು ಕವಿತೆ ಓದಿದರೆ ಮೊದಲು "ಮುಗೀತೇನು? ಚಾ ಇಡು" ಎನ್ನುತ್ತಿದ್ದವರು ಈಗ ಕೊನೆಯವರೆಗೂ ಸುಮ್ಮನೆ ಕೇಳುತ್ತಾರೆ.

ಪಾರ್ಶ್ವವಾಯು ಆದಾಗಿನಿಂದ ಅವರ ಕೈ ರಿಮೋಟಿನ ಸ್ಟೀರಿಂಗನ್ನು ಎಡಕ್ಕೇ ಎಳೆಯುತ್ತದೆ. ಅದಕ್ಕೇ ನಿಮಗೆ ಕಳಿಸುವ ಎಷ್ಟೋ ಮೊದಲೇ, ಅವರು ಮಧ್ಯಾಹ್ನ ಮಲಗಿದ್ದಾಗ, ನಾನು ಗಾಡಿಯ ಸ್ಟೀರಿಂಗ್ ಕಡ್ಡಿಯನ್ನು ತುಸು ಬಲಕ್ಕೆ ತಿರುಗಿಸಿದ್ದೆ. ಬಲಕ್ಕೆ ಹೊರಳುವಾಗ ಮಗುಚದಿರಲೆಂದು ಎಡಗಡೆಯ ಸ್ಪ್ರಿಂಗ್ ಬಿಗಿ ಮಾಡಿದ್ದೆ. ಅವರ ಕೈಯಲ್ಲಿ ಗಾಡಿ ನೆಟ್ಟಗೆ ಓಡುತ್ತಿತ್ತು. "ನೋಡಿಲ್ಲೆ, ಕೈ ಬರಾಕತ್ತೈತಿ," ಎನ್ನುತ್ತಿದ್ದರು.

ಮತ್ತೆ ಹಾಗೆಯೇ ತಿರುಗಿಸಲು ನನಗೆ ಬರುತ್ತದೆ. ಆದರೆ ತಪ್ಪು ಗಾಡಿಯದು ಎಂದು ನಾನು ಹೇಳಿದರೆ ಅವರು ನಂಬುವುದಿಲ್ಲ. ನೀವು ಹೇಳಿದರೆ ನಂಬುತ್ತಾರೆ. ಆದ್ದರಿಂದ ಒಮ್ಮೆ ಬಂದು, ಟ್ರಕ್ಕನ್ನು ಅಂಗಡಿಗೆ ಒಯ್ದು, ಮೊದಲಿನಂತೆ ಸೊಟ್ಟ ಮಾಡಿ ತನ್ನಿ. "ತಪ್ಪು ನಂದರೀ ಸರ್, ಸ್ಕ್ರೂ ಸಡ್ಲ ಬಿಟ್ಟಿದ್ದೆ," ಎನ್ನಿ.

ಬೈದರೆ ಬೈಸಿಕೊಳ್ಳಿ. ಈಗೀಗ ಅವರು ಯಾರನ್ನೂ ಬೈಯುವುದಿಲ್ಲ.

ಇಷ್ಟೇ ವಿಷಯ.

ಅರುಣಾ