ತುಂಡು ತುಂಡಾಗಿ ಬಂದ ಅಪ್ಪನ ಹಾಡು

ಅಂಕೋಲಾ
18 ನವೆಂಬರ್ 2007

ಪ್ರೀತಿಯ ತಮ್ಮ ಸುಜಯ,

ಹೇಗಿದ್ದೀಯೋ? ಕೆಮ್ಮು ಬಿಟ್ಟಿತಾ? ವಾಸ್ಕೋದ ಆರ್ಕೆಸ್ಟ್ರಾದವರು ಹೊತ್ತಿಗೆ ಸರಿಯಾಗಿ ಉಣ್ಣಲು ಬಿಡುತ್ತಾರೋ, ಕೀಬೋರ್ಡ್ ನುಡಿಸುತ್ತ ಬರೀ ಪಾವ್ ತಿಂದುಕೊಂಡಿದ್ದೀಯೋ? ಇಲ್ಲಿ ಎಲ್ಲರೂ ಸೌಖ್ಯ.

ಅಪ್ಪ ಮಣ್ಣಿನ ಗುಮಟೆ ಬಾರಿಸಿ ಹಾಡಿದ ಹಾಡನ್ನು ನೀನು ಇಂಟರ್ನೆಟ್ಟಿಗೆ ಹಾಕಿದ್ದು ಹೇಳದಿದ್ದರೂ ಗೊತ್ತಾಯಿತು, ಕಳ್ಳ! ನನ್ನ ಕಂಪ್ಯೂಟರ್ ಸೆಂಟರಿಗೆ ಬರುವ ವಿಜೇತಾ ತೋರಿಸಿದಳು. ಅಂದಿನಿಂದ ನನಗೆ ಅದೇ ಹುಚ್ಚು. ಹಾಡು ಒಂದೇ ಕಡೆಯಿಂದ ಬರುವುದಿಲ್ಲವಲ್ಲೋ ಮಾರಾಯ! ಎಲ್ಲೋ ಇರುವ ಒಂದು ಕಂಪ್ಯೂಟರು ಹಾಡು ಯಾರ್ಯಾರ ಹತ್ತಿರ ಇದೆಯೆಂದು ವಿಳಾಸ ಮಾತ್ರ ಹೇಳುತ್ತದೆ. ಆಮೇಲೆ ನಾವು ನಾವೇ ಒಬ್ಬರ ಬಾಗಿಲು ಒಬ್ಬರು ತಟ್ಟಿಕೊಳ್ಳಬೇಕು. ನೀನೊಂದು ತುಂಡು ಕೊಟ್ಟೆ, ಪರದೆಯ ಪಟ್ಟಿಯಲ್ಲಿ ಪೋರ್ಚುಗಲ್ ಬಾವುಟ ಇದ್ದವನ್ಯಾರೋ ಇನ್ನೊಂದು ಕೊಟ್ಟ, ಅವನ ಹತ್ತಿರ ಇಲ್ಲದ್ದು ನನ್ನಿಂದ ಹೋಯಿತು. ನಮ್ಮ ಬೆಳಂಬಾರದ ನಾಟಿಯ ಮುಯ್ಯಾಳೇ ಸೈ, ಇವತ್ತು ನಾನು ನಿನ್ನ ಗದ್ದೆಗೆ, ನಾಳೆ ನೀನು ನನ್ನ ಗದ್ದೆಗೆ. ಗುರುತು ಪರಿಚಯ ಇಲ್ಲದವರು ಹೀಗೆ ಕೊಟ್ಟು ತೆಗೆದುಕೊಳ್ಳುವುದು ನೋಡುತ್ತ ಕೂತರೆ ಒಲೆಯ ಮೇಲಿನ ಸಾರೂ ನೆನಪಾಗುವುದಿಲ್ಲ.

ನೀನು ಗುಮಟೆ ಬಿಟ್ಟು ಹೋದಾಗಿನಿಂದ ಅಪ್ಪ ನಿನ್ನ ಹೆಸರೆತ್ತುವುದಿಲ್ಲ, ಗೊತ್ತಲ್ಲ. ಆದರೂ ದಿನಾ ಸಂಜೆ ಬಸ್ಸು ಹತ್ತಿ ಸೆಂಟರಿಗೆ ಬಂದು ಪರದೆಯ ಮುಂದೆ ಕೂರುತ್ತಾನೆ. ಕೊಡುವವರ ಪಟ್ಟಿಯಲ್ಲಿ ಹಾಡು ಪೂರ್ತಿ ಇರುವ ಸಾಲು ಒಂದೇ, ಅದು ನಿನ್ನದು ಎಂದು ಹೇಳಿದೆ. "ಹೌದಾ" ಎಂದ, ಅಷ್ಟೇ. ನನ್ನ ತಲೆನೋವು ಬೇರೆ. ಮುಗಿಯುವ ಹಂತಕ್ಕೆ ಬಂದ ಹಾಡು ಮರುದಿನ ನೋಡಿದರೆ ಮತ್ತೆ ಸೊನ್ನೆ! ಫೋನಿನ ಲೈನಿಗೆ ಬೈದು ಬೈದು ಸಾಕಾಯಿತು. ಇದೇಕೆ ಹೀಗೆ, ನಿನಗೇನಾದರೂ ಹೊಳೆಯುತ್ತದೆಯೇ?

ಹೊತ್ತು ಹೊತ್ತಿಗೆ ಉಣ್ಣು. ಶಾಂತಾದುರ್ಗೆ ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅಕ್ಕ,
ರೂಪಾಲಿ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಗೊತ್ತಾಯಿತು ಕಣೋ. ಹಾಡು ಅಳಿಸುತ್ತಿರುವುದು ಅಪ್ಪನೇ! ವಿಜೇತಾಳಿಂದ ಕಲಿತಿದ್ದಾನೆ. ಈಗಷ್ಟೇ ಹಿಡಿದು ಬೈದೆ. "ಪೂರ್ತಿ ಬಂದ್ರೆ ಅಂವ ಹೋಗಿಬಿಡ್ತನೆ, ಮತ್ತೆ ಕಾಣೂದಿಲ್ಲ" ಎಂದ. ನಿಜವೇ. ಎರಡೂ ಕಡೆ ಹಾಡು ಪೂರ್ತಿಯಾದರೆ ಕೊಡುವುದಕ್ಕೂ ತೆಗೆದುಕೊಳ್ಳುವುದಕ್ಕೂ ಏನೂ ಉಳಿಯುವುದಿಲ್ಲ, ಕಂಪ್ಯೂಟರುಗಳು ಒಂದನ್ನೊಂದು ಬಿಟ್ಟುಬಿಡುತ್ತವೆ, ನಿನ್ನ ಸಾಲು ಮಾಯ. ಅದಕ್ಕೇ ಅಳಿಸಿ ಮತ್ತೆ ನಿನ್ನಿಂದಲೇ ತರಿಸಿಕೊಳ್ಳುತ್ತಾನೆ. ನನಗೆ ಅಳುವೇ ಬಂತು. ಈ ಕಾಗದ ಸಿಕ್ಕ ದಿನವೇ ಸಂಜೆ, ಅಪ್ಪ ಬಂದು ಕೂರುವ ಹೊತ್ತಿಗೆ, ಸೆಂಟರಿಗೆ ಫೋನ್ ಮಾಡು. ನಾನು ಎತ್ತುವುದಿಲ್ಲ.