ಪೂಜೆಗಿಟ್ಟ ಲ್ಯಾಪ್‌ಟಾಪ್

ಸಾಗರ
ಅಕ್ಟೋಬರ್ 9, 2025

ಪ್ರೀತಿಯ ಅವ್ವನಿಗೆ ನಿನ್ನ ಬಿಂದು ಮಾಡುವ ನಮಸ್ಕಾರ.

ಮನೆ ಫೋನು ದುರ್ಗೇಶಣ್ಣನ ಜೇಬಲ್ಲಿರುತ್ತೆ, ಅದಕ್ಕೇ ಕಾಗದ. ಅಂಗನವಾಡಿ ವರದಕ್ಕನ ಹತ್ರ ಓದಿಸು, ಅಣ್ಣನ ಕೈಗೆ ಕೊಡಬೇಡ. ಬಲಗೈ ಬೆರಳಿಗೆ ಪಟ್ಟಿ ಹಾಕಿದಾರೆ, ಎಡಗೈಲಿ ಬರೀತಿದೀನಿ. ಅಕ್ಷರ ಕಾಗೆಕಾಲು ಗುಬ್ಬಿಕಾಲು ಆಗಿದೆ.

ಲ್ಯಾಪ್‌ಟಾಪ್ ಜಾರಿ ಬಿತ್ತು ಅಂತ ಬರೆದುಕೊಡು, ಅಣ್ಣನ ಹೆಸರು ಎತ್ತಬೇಡ ಅಂತ ಹೇಳಿಕಳಿಸಿದೀಯ. ಆಗಲ್ಲ ಅವ್ವ. ಬಡವರ ಮಕ್ಕಳು ಡಿಪ್ಲೊಮಾ ಓದಲಿ ಅಂತ ಟ್ರಸ್ಟಿನವರು ಹಾಸ್ಟೆಲ್ ಖರ್ಚಿನ ಜೊತೆ ಕೊಟ್ಟಿದ್ದು ಅದು. ನಾನೇ ಬೀಳಿಸಿದೆ ಅಂದ್ರೆ ಅವರು ಕೈಬಿಡ್ತಾರೆ. ಯಾರೋ ಒಡೆದಿದ್ದು ಅಂತ ಪೊಲೀಸ್ ದೂರಿನ ನಕಲು ಕೊಟ್ರೆ ಬೇರೆ ಕೊಡಿಸ್ತೀನಿ, ಪ್ರಾಜೆಕ್ಟಿಗೂ ಟೈಮು ಕೇಳ್ತೀನಿ ಅಂತ ನಮ್ಮ ಹೇಮಾವತಿ ಮೇಡಂ ಹೇಳಿದಾರೆ. ನಾಳೆ ಕೊಡಬೇಕು. ಕೊನೇ ವರ್ಷ ಅವ್ವ, ಇಷ್ಟು ದೂರ ಬಂದು ಬಿಡಲಾ?

ತಪ್ಪು ನಂದೂ ಇದೆ. ಆಯುಧ ಪೂಜೆಗೆ ಕತ್ತಿ, ಕೊಡಲಿ, ಗುದ್ದಲಿ ಸಾಲಲ್ಲಿ ಇದನ್ನೂ ಇಡ್ಲಾ ಅಂತ ನೀನು ಕೇಳಿದಾಗ ಇಡು ಅಂದವಳು ನಾನೇ. ಕುಂಕುಮ ಹಚ್ಚಿ, ದಾಸವಾಳ ಇಟ್ಟು, ಇದು ನನ್ನ ಮಗಳ ಹತ್ಯಾರ ಅಂತ ನಕ್ಕೆಯಲ್ಲ, ಎಷ್ಟು ಖುಷಿಯಾಗಿತ್ತು ಗೊತ್ತಾ. ಪೂಜೆಗಿಟ್ಟಿದ್ದನ್ನ ಮಾರನೇ ದಿನ ಕದಲಿಸೋ ತನಕ ಮುಟ್ಟಬಾರದು ಅಂತ ನನಗೇನು ಗೊತ್ತಿಲ್ವಾ? ಪ್ರಾಜೆಕ್ಟ್ ಕಳಿಸೋ ಕಡೇ ದಿನ ಹಬ್ಬದ ಮಾರನೇ ದಿನ ಅಂದ್ಕೊಂಡಿದ್ದೆ, ನೋಡಿದ್ರೆ ಅವತ್ತೇ ಸಂಜೆ ಆರು. ಆನ್‌ಲೈನಿಗೆ ಹಬ್ಬ ಹುಣ್ಣಿಮೆ ಇಲ್ಲ. ನೀನು ಚೌಡಿ ಬನಕ್ಕೆ ಪೂಜೆಗೆ ಹೋದ ಮೇಲೆ ಕೈಮುಗಿದು ಎತ್ತಿಕೊಂಡೆ.

ಅಣ್ಣ ಕಂಡ. ಆ ಹಬ್ಬ ಅಂದ್ರೆ ಅವನ ತಲೆ ನೆಟ್ಟಗಿರಲ್ಲ. ಆ ವರ್ಷ ಪೂಜೆ ಮಾಡಿದ ಗರಗಸ ಅವತ್ತೇ ಓಡಿಸಿ ಅಪ್ಪ ಸಾಮಿಲ್ಲಲ್ಲಿ ಎರಡು ತುಂಡಾದ. ತುಂಡು ಚೀಲಕ್ಕೆ ತುಂಬಿದವನು ಅಣ್ಣ.

"ಇನ್ನೊಂದು ಹೆಣ ಹೊರಬೇಕೇನೇ ನಾನು?"

ಅಷ್ಟೇ ಅವನು ಆಡಿದ ಮಾತು. ಕೊಡಲಿ ಕಾವಿನಿಂದ ನನ್ನ ಬೆರಳ ಮೇಲೇ ಹೊಡೆದ. ಲಟಕ್ ಅಂತು. ಆ ಕೊಡಲಿಯೂ ಪೂಜೆಗಿಟ್ಟದ್ದೇ ಅವ್ವ! ಎರಡನೇ ಏಟಿಗೆ ಸ್ಕ್ರೀನ್ ಪುಡಿಯಾಯ್ತು. ಜಡೆ ಹಿಡಿದು ಅಂಗಳಕ್ಕೆ ಎಳೆದು ಹೊಟ್ಟೆಗೆ ಒದ್ದ, ಮತ್ತೆ ಮತ್ತೆ ಒದ್ದ. ಬಟ್ಟೆಯಲ್ಲೇ ಉಚ್ಚೆ ಹೋಯ್ತು ನನಗೆ.

ನೀನು ಬರೋ ಹೊತ್ತಿಗೆ ಅಂಗಳ ತುಂಬ ರಕ್ತ. ಬೂದುಗುಂಬಳ ಕಡಿಯುವಾಗ ಕತ್ತಿ ಜಾರಿ ಕೈಗೆ ಬಿತ್ತು ಅಂದ ಅಣ್ಣ. ನೀನು ಸೆರಗು ಹರಿದು ಅವನ ಕೈಗೆ ಕಟ್ಟಿದೆ. ನನ್ನ ಕಡೆ ತಿರುಗಿ, ನೀನು ಹತ್ಯಾರ ಮುಟ್ಟಿದ್ದಕ್ಕೇ ಹೀಗಾಯ್ತು ಅಂದೆ. ಆ ಮಾತು ಒದೆತಕ್ಕಿಂತ ನೋವಾಯ್ತು. ಹೊಡೆಸಿಕೊಂಡವಳೇ ಓದು ಬಿಡಬೇಕು ಅನ್ನೋದು ಯಾವ ನ್ಯಾಯ? ದೂರು ಕೊಡ್ತೀನಿ. ಶಾಪ ಹಾಕೋದಾದ್ರೆ ಹಾಕು.

ಇಂತಿ ನಿನ್ನ ಮಗಳು,
ಬಿಂದು

ವಿ.ಸೂ.: ಅಂಟಿಸಿದ ಕವರ್ ಮತ್ತೆ ಬಿಚ್ಚಿದೆ. ಇದನ್ನ ಅಣ್ಣನೇ ನಿನಗೆ ಓದಿ ಹೇಳಲಿ. ಕತ್ತಿ ಜಾರಲಿಲ್ಲ ಅವ್ವ. ಒದ್ದು ಸುಸ್ತಾಗಿ, ಕೊಡಲಿ ಬಿಸಾಕಿ, ಅಪ್ಪನ ಹೆಸರು ಹೇಳ್ಕೊಂಡು ಅವನು ಅಳ್ತಾ ಕೂತಿದ್ದ. ಆಗ ಕತ್ತಿ ಎತ್ತಿ ಅವನ ಕೈ ಮೇಲೆ ಕಡಿದೆ, ಇದೇ ಎಡಗೈಲಿ. ನಿನ್ನ ಹೆಜ್ಜೆ ಸಪ್ಪಳ ಕೇಳಿ ಕುಂಬಳಕಾಯಿ ತಂದು ರಕ್ತದ ಮೇಲೆ ಒಡೆದವನು ಅವನೇ. ಆ ಕೈ ಇನ್ನು ಮರ ಎತ್ತಲ್ಲ ಅಂತ ಹೊಸನಗರದ ಡಾಕ್ಟರು ಹೇಳಿದ್ದು ನಾನೂ ಕೇಳಿಸಿಕೊಂಡೆ. ದೂರಿನಲ್ಲಿ ಎರಡನ್ನೂ ಬರೆದಿದೀನಿ, ಅವನು ಹೊಡೆದಿದ್ದು, ನಾನು ಕಡಿದಿದ್ದು. ಟ್ರಸ್ಟಿನವರು ಇಟ್ಕೊಳ್ತಾರೋ ಬಿಡ್ತಾರೋ ಗೊತ್ತಿಲ್ಲ. ಪೊಲೀಸರು ಬಂದ್ರೆ ಅಣ್ಣ ಮತ್ತೆ ಕುಂಬಳಕಾಯಿ ಅನ್ನದಂಗೆ ನೋಡ್ಕೋ.