ಬಾಯಲ್ಲಿ ಹೇಳದ ಹೆಸರು

ಅಂಕೋಲಾ
೧೨ ಮೇ ೨೦೨೫

ಕೋಡಿಬಾಗದ ಯಜಮಾನರಿಗೆ, ಗಂಗೂ ಮಾಡುವ ನಮಸ್ಕಾರ.

ಲಕೋಟೆಯ ಮೇಲಿನ ಅಕ್ಷರ ನನ್ನದಲ್ಲವೆಂದು ಗಾಬರಿಯಾಗಬೇಡಿ. ಅಕ್ಕನ ಮಗಳು ದೀಪಾಲಿ ಬರೆದದ್ದು. ಗಂಡನ ಹೆಸರು ಎತ್ತಬಾರದೆಂದು ಆಯಿ ಕಲಿಸಿದ್ದು ಈ ವಯಸ್ಸಿಗೂ ನನ್ನನ್ನು ಬಿಟ್ಟಿಲ್ಲ.

ಮೊನ್ನೆ ನಿಮ್ಮ ಫೋನಿಗೆ ಒಂದು ಮೆಸೇಜು ಬಂದಿತ್ತಲ್ಲ? ಮೋಸಗಾರರದೆಂದು ಅಳಿಸಿರುತ್ತೀರಿ, ನಿಮ್ಮನ್ನು ನಾನು ಬಲ್ಲೆ. ಅಯ್ಯೋ ಮಾರಾಯರೇ, ಅದು ನನ್ನದು! ಫೋನು ಮಾಡಿದರೆ ನೀವು ಎತ್ತುವುದಿಲ್ಲ, ಅದಕ್ಕೇ ಈ ಕಾಗದ.

ಬರುವ ವಾರ ಮಂಗಳೂರಿನಲ್ಲಿ ನನ್ನ ಹೃದಯದ ಆಪರೇಶನ್. ಹೆದರುವಂಥದ್ದೇನಿಲ್ಲ ಎನ್ನುತ್ತಾರೆ ಡಾಕ್ಟರು. ನನಗೆ ಹೆದರಿಕೆಯಿದೆ. ನಾನಿಲ್ಲದೆ ಹೋದರೆ ನನ್ನ ಫೋನಿನ ಖಾತೆಯಲ್ಲಿರುವ ಫೋಟೋ, ವಿಡಿಯೋ ಎಲ್ಲ ಒಂದು ದಿನ ಅಳಿಸಿಹೋಗುತ್ತವಂತೆ. ಬೇಕಾದವರಿಗೆ ಮೊದಲೇ ಒಪ್ಪಿಸಿಡಬಹುದಂತೆ, ಅವರ ಒಪ್ಪಿಗೆ ಕೇಳಿ ಮೆಸೇಜು ಹೋಗುತ್ತದಂತೆ. ಮಾವಶಿ, ಯಾರ್ ಹೆಸ್ರು ಹಾಕೂದೆ ಎಂದು ದೀಪಾಲಿ ಕೇಳಿದಳು. ಇವ್ರದ್ದೇ ಹಾಕೆ ಎಂದೆ. ಇವ್ರು ಅಂದ್ರೆ ಯಾರೇ, ಬಿಟ್ಟು ಹೋದವ್ರಾ ಎಂದು ನಕ್ಕಳು. ನನಗೆ ನಗು ಬರಲಿಲ್ಲ.

ಅದರಲ್ಲಿ ದೊಡ್ಡ ಆಸ್ತಿಯೇನಿಲ್ಲ. ಕಾಳಿ ನದಿಯ ಹಳೇ ಸೇತುವೆಯ ಮೇಲೆ ನೀವು ಗಾಳಿಗೆ ಟೋಪಿ ಹಿಡಿದುಕೊಂಡು ನಿಂತದ್ದಿದೆ. ಸೇತುವೆ ಬಿದ್ದುಹೋಯಿತು, ಫೋಟೋ ಹಾಗೇ ಇದೆ. ಇಶಾಡ್ ಮಾವು ತಿನ್ನುತ್ತ, ಮೊಣಕೈವರೆಗೆ ರಸ ಇಳಿಸಿಕೊಂಡು, ವಿಡಿಯೋ ಮಾಡ್ಬೇಡ ಎಂದು ನನ್ನನ್ನು ಬೈದದ್ದೂ ಇದೆ. ಆ ಬೈಗುಳವನ್ನು ಈಗಲೂ ಹಾಕಿಕೊಂಡು ಕೇಳುತ್ತೇನೆ.

ನೌಕರಿ ಬಿಟ್ಟು ಕೋಡಿಬಾಗದ ಮನೆಗೆ ಬಾ ಎಂದಿರಿ. ನಾನು ಬರಲಿಲ್ಲ, ನೀವು ನಿಲ್ಲಲಿಲ್ಲ. ಯಾರದು ಸರಿ ಎಂದು ವಾದಿಸುವ ಹಟ ಈಗ ನನ್ನಲ್ಲಿಲ್ಲ. ನಿಮ್ಮನ್ನು ನೋಡಬೇಕು ಅನ್ನಿಸುತ್ತದೆ, ಬಹಳ ಅನ್ನಿಸುತ್ತದೆ.

ಮೆಸೇಜು ಮತ್ತೆ ಬರುತ್ತದೆ. ಈ ಸಲ ಅಳಿಸಬೇಡಿ, ಒಪ್ಪಿಗೆ ಎಂಬಲ್ಲಿ ಒತ್ತಿ. ಒತ್ತಲು ತಿಳಿಯದಿದ್ದರೆ ಫೋನು ಹಿಡಿದುಕೊಂಡು ಇಲ್ಲಿಗೇ ಬನ್ನಿ, ದೀಪಾಲಿ ಒತ್ತಿಕೊಡುತ್ತಾಳೆ. ಇಶಾಡ್ ಹಣ್ಣು ಹುಲ್ಲಿನಲ್ಲಿಟ್ಟಿದ್ದೇನೆ, ಘಮ ಬರತೊಡಗಿದೆ.

ಇಂದಿಗೂ ನಿಮ್ಮವಳೇ,
ಗಂಗೂ

ತಾ.ಕ.: ಪಾಸ್‌ವರ್ಡ್ ಯಾರಿಗೂ ಹೇಳಕೂಡದೆಂದು ದೀಪಾಲಿ ತಾಕೀತು ಮಾಡಿದ್ದಾಳೆ. ನಿಮಗೆ ಹೇಳುತ್ತೇನೆ. ಅದು ನಿಮ್ಮ ಹೆಸರೇ. ನೀವು ಹೋದ ಮೇಲೂ ಬದಲಿಸಿಲ್ಲ. ಬಾಯಲ್ಲಿ ಒಮ್ಮೆಯೂ ಹೇಳದ್ದನ್ನು ಬೆರಳಲ್ಲಿ ದಿನಾ ಒತ್ತಿದ್ದೇನೆ. ಆಸ್ಪತ್ರೆಗೆ ಸೇರಿಸಿಕೊಳ್ಳುವಾಗ ಗಂಡನ ಹೆಸರು ಕೇಳುತ್ತಾರಂತೆ. ನನ್ನಿಂದ ಹೇಳಲಾಗುವುದಿಲ್ಲ. ನೀವೇ ಬಂದು ಹೇಳಿ.